ಕಾರಿನ ಬ್ರೇಕು, ಗ್ಯಾರೇಜು ಮತ್ತು ಗೃಹಿಣಿ

ಹೋಳಿಗೆಯ ಹೂರಣ, ಉದುರುವ ಕೂದಲಿಗೆ ಮದ್ದು, ಮಕ್ಕಳ ಹಲ್ಲುನೋವು ಇವೆಲ್ಲ ಬರುವ ಪುಟಗಳಲ್ಲಿ ಕಾರಿನ ಬ್ರೇಕಿಗೇನು ಕೆಲಸ ಎಂದು ಕೆಲವು ಸೋದರಿಯರಿಗೆ ಅನ್ನಿಸಬಹುದು. "ಅದು ಗಂಡಸರ ಬಾಬತ್ತು" ಎಂದು ಪುಟ ತಿರುವಲೂಬಹುದು. ತುಸು ತಾಳಿ. ಕಾರಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು, ಕಾಲ ಬಳಿ ಬುತ್ತಿಯ ಗಂಟು ಇಟ್ಟುಕೊಂಡು ಕೂಡುವವರು ಯಾರು? ನಾವೇ ಅಲ್ಲವೇ? ಗ್ಯಾರೇಜಿನವನು ಕೇಳಿದಷ್ಟು ಹಣ ಕೊಟ್ಟ ಮೇಲೆ ತಿಂಗಳ ಕೊನೆಯಲ್ಲಿ ಎಣ್ಣೆ-ಬೇಳೆಯಲ್ಲಿ ಕೈ ಹಿಡಿಯಬೇಕಾದವರೂ ನಾವೇ.

ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಿಗೆ ಹೋದರೂ ಓಣಿ ಓಣಿಯಲ್ಲಿ ಕಾರು ನಿಂತಿರುತ್ತವೆ. ಅವುಗಳಲ್ಲಿ ಎಷ್ಟೋ ನಮ್ಮ ಕಾರಿನ ಹಾಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಬಂದವು. ಮೇಲಿನ ಬಣ್ಣ, ಸೀಟಿನ ಕವರು, ಹಾಡಿನ ಪೆಟ್ಟಿಗೆ ಇವನ್ನು ನೋಡಿ ಕೊಳ್ಳುತ್ತೇವೆ. ಕಾಲ ಕೆಳಗಿನ ಬ್ರೇಕನ್ನು ಯಾರು ನೋಡುತ್ತಾರೆ?

ಕಳೆದ ಶ್ರಾವಣದ ಮಾತು. ಮುದ್ದೇಬಿಹಾಳಕ್ಕೆ ಕೊಟ್ಟ ನನ್ನ ಹಿರಿಯ ಮಗಳಿಗೆ ಏಳು ತಿಂಗಳು ತುಂಬಿತ್ತು. ಬೀಗರ ಮನೆಯಲ್ಲಿ ಕುಬಸ ಮುಗಿಸಿ, ಚೊಚ್ಚಲ ಹೆರಿಗೆಗೆಂದು ಅವಳನ್ನು ಸಿಂದಗಿಗೆ ಕರೆದುಕೊಂಡು ಬರುತ್ತಿದ್ದೆವು. ಕಾರಿನಲ್ಲಿ ನಮ್ಮ ಯಜಮಾನರು, ನಾನು, ಅತ್ತೆಯವರು, ಮಗಳು. ದಾರಿಯಲ್ಲಿ ಬಸವನ ಬಾಗೇವಾಡಿಯಲ್ಲಿ ಇಳಿದು, ಬಸವಣ್ಣನ ಗುಡಿಯಲ್ಲಿ ಕಾಯಿ ಒಡೆಸಿ ಮುಂದೆ ಹೊರಟೆವು. ಒಂದು ಹಳ್ಳಿಯ ಹತ್ತಿರ ಎದುರಿಗೆ ಒಂದು ಚಕ್ಕಡಿ ಹೊರಟಿತ್ತು. ಅದರ ಆಚೆ ರಸ್ತೆಗೆ ಹಾಕಿದ ಉಬ್ಬು. ಯಜಮಾನರು ಬ್ರೇಕ್ ತುಳಿದರು. ಕಾರು ನಿಲ್ಲಲೊಲ್ಲದು!

"ಏ, ಬ್ರೇಕ್ ಹತ್ತವಲ್ದು!" ಎಂದರು. ಅವರ ಮುಖದ ರಕ್ತ ಇಳಿದು ಹೋಗಿತ್ತು. ನಾನು ಎರಡೂ ಕೈಯಿಂದ ಮಗಳನ್ನು ಹಿಡಿದುಕೊಂಡೆ. ಅತ್ತೆಯವರ ಬಾಯಲ್ಲಿ "ಬಸವಾ, ಬಸವಾ" ಎಂಬ ಒಂದೇ ಮಾತು. ಯಜಮಾನರು ಬ್ರೇಕನ್ನು ಪಟಪಟನೆ ನಾಲ್ಕಾರು ಸಲ ತುಳಿದರು, ಗೇರನ್ನು ಒಂದೊಂದಾಗಿ ಕೆಳಗಿಳಿಸಿದರು, ಹಾರ್ನ್ ಒತ್ತುತ್ತಲೇ ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆಳೆದರು. ಕಾರು ಎಡಕ್ಕೆ ಸರಿದು ಜಾಲಿಯ ಕಂಟಿಯ ಪಕ್ಕ ನಿಂತಿತು. ಚಕ್ಕಡಿಯ ಎತ್ತುಗಳು ಬೆದರಿ ಅರ್ಧ ರಸ್ತೆಗೆ ಬಂದಿದ್ದವು. ಯಾರಿಗೂ ಏನೂ ಆಗಲಿಲ್ಲ.

ಅವರು ಅಂದು ಮಾಡಿದ ರೀತಿಯನ್ನು ಕಾರು ನಡೆಸುವ ಸೋದರಿಯರು ನೆನಪಿನಲ್ಲಿಡುವುದು ಒಳ್ಳೆಯದು. ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯಬೇಕು, ಗೇರ್ ಇಳಿಸಬೇಕು, ಹ್ಯಾಂಡ್ ಬ್ರೇಕನ್ನು ಒಮ್ಮೆಲೆ ಜಗ್ಗದೆ ಮೆಲ್ಲಗೆ ಎಳೆಯಬೇಕು. ಒಮ್ಮೆಲೆ ಜಗ್ಗಿದರೆ ಹಿಂದಿನ ಗಾಲಿ ಕಚ್ಚಿಕೊಂಡು ಕಾರು ತಿರುಗಿ ನಿಲ್ಲುತ್ತದೆ. ಗಾಬರಿಯಲ್ಲಿ ಕೀಲಿ ಮಾತ್ರ ತೆಗೆಯಬಾರದು. ಕೀಲಿ ತೆಗೆದರೆ ಸ್ಟಿಯರಿಂಗ್ ಬಿಗಿಯಾಗಿ ಕೂತುಬಿಡುತ್ತದೆ.

"ಆಯಿಲ್ ಎಲ್ಲಿಗೆ ಹೋತು?"

ಮುಂದಿನ ಊರಿನ ಒಂದು ಗ್ಯಾರೇಜಿಗೆ ಫೋನು ಮಾಡಿದೆವು. ಯಾವ ಊರು, ಯಾವ ಗ್ಯಾರೇಜು ಎಂಬುದು ಇಲ್ಲಿ ಬೇಡ. ಒಬ್ಬ ಹುಡುಗ ಬೈಕಿನಲ್ಲಿ ಬಂದ. ಬಾನೆಟ್ ಎತ್ತಿ, ಬ್ರೇಕ್ ಆಯಿಲಿನ ಡಬ್ಬಿ ನೋಡಿ, ಆಯಿಲ್ ಸುರಿದು, ಕಾರನ್ನು ತಾನೇ ಮೆಲ್ಲಗೆ ಗ್ಯಾರೇಜಿಗೆ ತಂದ.

"ಏನಿಲ್ರಿ ಸಾಹೇಬ್ರ, ಆಯಿಲ್ ಕಡಿಮಿ ಆಗಿತ್ತು. ಹಾಕೀನಿ. ಇನ್ನ ಆರಾಮ ಹೋಗ್ರಿ," ಎಂದ.

ಯಜಮಾನರು ಜೇಬಿಗೆ ಕೈ ಹಾಕಿದರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಮನೆಯಲ್ಲಿ ಎಣ್ಣೆಯ ಡಬ್ಬಿ ತುಂಬಿಟ್ಟು, ಒಲೆ ಹಚ್ಚದೇ ಇದ್ದ ದಿನ ಅದು ಅರ್ಧವಾಗಿದ್ದರೆ ನಾವು ಏನು ಮಾಡುತ್ತೇವೆ? ಮತ್ತೆ ಎಣ್ಣೆ ತಂದು ಸುರಿದು ಸುಮ್ಮನಾಗುತ್ತೇವೆಯೇ? ಡಬ್ಬಿಯ ತಳ ಮುಟ್ಟಿ ನೋಡುತ್ತೇವೆ.

"ತಮ್ಮಾ, ಆ ಆಯಿಲ್ ಎಲ್ಲಿಗೆ ಹೋತು?" ಎಂದು ಕೇಳಿದೆ.

"ಗಾಡಿ ಹಳೇದಾದಮ್ಯಾಲ ಕಡಿಮಿ ಆಗತೈತ್ರಿ ಅವ್ವಾರ. ಹೆಣ್ಮಕ್ಕಳಿಗ್ಯಾಕ್ರಿ ಬ್ರೇಕಿನ ಉಸಾಬರಿ?" ಎಂದು ಹುಡುಗ ನಕ್ಕ.

ಅವನ ಮಾತು ಪೂರ್ತಿ ಸುಳ್ಳಲ್ಲ. ಬ್ರೇಕ್ ಪ್ಯಾಡು ಸವೆದಂತೆ ಡಬ್ಬಿಯಲ್ಲಿ ಆಯಿಲಿನ ಮಟ್ಟ ಸ್ವಲ್ಪ ಇಳಿಯುವುದುಂಟು. ಆದರೆ ಅದು ತಿಂಗಳುಗಟ್ಟಲೆ ನಡೆಯುವ ಇಳಿತ. ಒಮ್ಮೆಲೆ ತಳ ಕಂಡಿತೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ನಾನು ಹಟ ಹಿಡಿದೆ. ಸೋರುವ ಜಾಗ ಸಿಗುವ ತನಕ ಏಳು ತಿಂಗಳ ಬಸುರಿಯನ್ನು ಆ ಕಾರಿನಲ್ಲಿ ಕೂಡಿಸುವುದಿಲ್ಲ ಎಂದೆ. ಮಗಳನ್ನೂ ಅತ್ತೆಯವರನ್ನೂ ಸಿಂದಗಿಯ ಸರಕಾರಿ ಬಸ್ಸಿಗೆ ಹತ್ತಿಸಿ, ಮುಂದಿನ ಸೀಟು ಕೊಡುವಂತೆ ಕಂಡಕ್ಟರಿಗೆ ಹೇಳಿ ಬಂದೆ. "ಎಲ್ಲಾದಕ್ಕೂ ನಿಂದೊಂದು ಅತಿ ಆತು" ಎಂದು ಯಜಮಾನರು ಗೊಣಗಿದರು. ಗೊಣಗಲಿ!

ಆಮೇಲೆ ಗ್ಯಾರೇಜಿನ ಮಾಲೀಕರೇ ಬಂದು ನೋಡಿ, "ಮಾಸ್ಟರ್ ಸಿಲಿಂಡರ್ ಹೋಗೇತ್ರಿ, ಹೊಸಾದು ಹಾಕಬೇಕು" ಎಂದರು. ಸಂಜೆ ಐದಕ್ಕೆ ಕಾರು ತಯಾರಾಯಿತು. ಲೆಕ್ಕ 4,800 ರೂಪಾಯಿ.

"ತೆಗೆದ ಹಳೇ ಸಾಮಾನು ಕೊಡ್ರಿ ಅಣ್ಣಾರ" ಎಂದೆ. "ಗುಜರಿಗೆ ಹೋತ್ರಿ ಅದು" ಎಂದರು. ಒಂದು ತಾಸಿನಲ್ಲಿ ಗುಜರಿಗೆ ಹೋಯಿತೇ! ನಾನು ಜಗಳ ತೆಗೆಯಲಿಲ್ಲ. ಬಿಲ್ಲು ಕೇಳಿದೆ. ಸಣ್ಣ ಚೀಟಿಯ ಮೇಲೆ "ಬ್ರೇಕ್ ಕೆಲಸ 4,800" ಎಂದು ಗೀಚಿ ಕೊಟ್ಟರು. ಅದನ್ನು ತಿರುಗಿ ಕೊಟ್ಟೆ.

"ಯಾವ ಸಾಮಾನಿಗೆ ಎಷ್ಟು, ಕೂಲಿ ಎಷ್ಟು, ಬ್ಯಾರೆ ಬ್ಯಾರೆ ಬರದು ಕೊಡ್ರಿ."

"ಅದೆಲ್ಲಾ ಯಾಕ್ರಿ ಅವ್ವಾರ? ನಾವೇನ್ ಊರು ಬಿಟ್ಟು ಓಡಿ ಹೊಕ್ಕೀವೇನ್ರಿ?"

"ನೀವು ಓಡಿ ಹೋಗೂದಿಲ್ಲ ಬಿಡ್ರಿ. ನನ್ನ ಲೆಕ್ಕದ ವಹಿಗೆ ಬೇಕು."

ಮುಖ ಗಂಟಿಕ್ಕಿಕೊಂಡೇ ಬರೆದರು. ಹೊಸ ಮಾಸ್ಟರ್ ಸಿಲಿಂಡರ್ 3,600, ಆಯಿಲ್ 350, ಕೂಲಿ 850. ಕೆಳಗೆ ಕಾರಿನ ನಂಬರು, ತಾರೀಖು, ಸಹಿ.

ಒಳಗೆ ನಡೆಯುವುದೇನು?

ಮುಂದಿನ ಕಥೆ ತಿಳಿಯಬೇಕಾದರೆ ಇದು ಸ್ವಲ್ಪ ಗೊತ್ತಿರಬೇಕು. ವಿಜಯಪುರದಲ್ಲಿ ಡಿಪ್ಲೊಮಾ ಓದುವ ನನ್ನ ಮಗ ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದ್ದು ಇಷ್ಟು. ಕಾಲಿನಿಂದ ತುಳಿದಾಗ ಮಾಸ್ಟರ್ ಸಿಲಿಂಡರ್ ಎಂಬ ಪಿಚಕಾರಿ ಆಯಿಲನ್ನು ಒತ್ತುತ್ತದೆ. ಆ ಒತ್ತಡ ಸಣ್ಣ ಕೊಳವೆಗಳಲ್ಲಿ ಹಾಯ್ದು ನಾಲ್ಕೂ ಗಾಲಿಗೆ ಮುಟ್ಟುತ್ತದೆ. ಮುಂದಿನ ಗಾಲಿಯಲ್ಲಿ ಸಾಮಾನ್ಯವಾಗಿ ಒಂದು ತಟ್ಟೆಯನ್ನು ಎರಡು ಪ್ಯಾಡು ಇಕ್ಕಳದ ಹಾಗೆ ಹಿಡಿಯುತ್ತವೆ. ನಮ್ಮಂಥವರ ಸಣ್ಣ ಕಾರುಗಳ ಹಿಂದಿನ ಗಾಲಿಯಲ್ಲಿ ಡ್ರಮ್ಮು ಇರುತ್ತದೆ. ಅದರೊಳಗಿನ ಇನ್ನೊಂದು ಪುಟ್ಟ ಪಿಚಕಾರಿ, ಅದೇ ವ್ಹೀಲ್ ಸಿಲಿಂಡರ್, ಎರಡು ಬ್ರೇಕ್ ಶೂಗಳನ್ನು ಹೊರಕ್ಕೆ ನೂಕಿ ಡ್ರಮ್ಮಿಗೆ ಒತ್ತುತ್ತದೆ. ಈ ದಾರಿಯಲ್ಲಿ ಎಲ್ಲಿ ಸೋರಿದರೂ ಒತ್ತಡ ಹೋಯಿತು. ಆಯಿಲಿನ ದಾರಿಯನ್ನು ಎರಡು ಭಾಗ ಮಾಡಿರುತ್ತಾರಂತೆ. ಒಂದು ಕೈಬಿಟ್ಟರೆ ಇನ್ನೊಂದು ಎರಡು ಗಾಲಿಯನ್ನಾದರೂ ಹಿಡಿಯಲಿ ಎಂದು. ಅಂದು ನಾವು ಬದುಕಿದ್ದು ಆ ಇನ್ನೊಂದು ದಾರಿಯಿಂದ ಎಂದು ಅವನು ಹೇಳಿದಾಗ ನನ್ನ ಎದೆ ಮತ್ತೊಮ್ಮೆ ಝಲ್ಲೆಂದಿತು.

ಈ ಬ್ರೇಕ್ ಆಯಿಲಿನ ಸ್ವಭಾವವೂ ವಿಚಿತ್ರ. ಮಳೆಗಾಲದಲ್ಲಿ ಉಪ್ಪಿನ ಭರಣಿ ಮುಚ್ಚಳ ತೆಗೆದಿಟ್ಟರೆ ಉಪ್ಪು ನೀರೊಡೆಯುತ್ತದಲ್ಲ, ಹಾಗೆಯೇ ಇದೂ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಎಂಬ ಆಯಿಲು ಹೊಸದಿದ್ದಾಗ 230 ಡಿಗ್ರಿ ಶಾಖದ ತನಕವಾದರೂ ಕುದಿಯಬಾರದೆಂಬ ನಿಯಮವಿದೆ. ತೇವ ಹಿಡಿದ ಮೇಲೆ ಅದು 155 ಡಿಗ್ರಿಯ ಹತ್ತಿರಕ್ಕೆ ಇಳಿಯಬಹುದು. ಮೇಲಿಂದ ಮೇಲೆ ಬ್ರೇಕ್ ಹಾಕಿದಾಗ ಗಾಲಿಯ ಬಳಿ ಕಾವು ಬಲು ಏರುತ್ತದೆ. ಆಯಿಲ್ ಕುದ್ದು ಒಳಗೆ ಆವಿಯಾದರೆ ಕಾಲಿಗೆ ಬ್ರೇಕು ಹತ್ತಿಯ ದಿಂಬು ತುಳಿದ ಹಾಗಾಗುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಹಳೆಯ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಿಸಬೇಕು. ಎಂದೋ ಒಡೆದಿಟ್ಟ ಡಬ್ಬಿಯ ಆಯಿಲನ್ನು ಹಾಕಲು ಬಂದರೆ ಬೇಡವೆನ್ನಿ, ಸೀಲ್ ಇದ್ದ ಡಬ್ಬಿಯನ್ನು ನಿಮ್ಮೆದುರಿಗೇ ಒಡೆಸಿ. ಇಂಜಿನ್ ಆಯಿಲನ್ನಂತೂ ಬ್ರೇಕಿನ ಡಬ್ಬಿಗೆ ಹಾಕಲೇಬಾರದು. ಅದು ಒಳಗಿನ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ಬೆಕ್ಕು ಕೂತ ಜಾಗ

ಒಂಬತ್ತನೆಯ ದಿನ ಕಾರಿನಲ್ಲಿ ಮತ್ತೆ ಕೆಂಪು ದೀಪ ಹತ್ತಿತು. ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಆ ಕೆಂಪು ದೀಪ ಆರದಿದ್ದರೆ ಆಯಿಲ್ ಕಡಿಮೆಯಾಗಿದೆ ಎಂದು ತಿಳಿಯಬೇಕು. ಕಾರನ್ನು ಮನೆಯ ಮುಂದೆಯೇ ನಿಲ್ಲಿಸಿ, ಸಿಂದಗಿಯ ವಯಸ್ಸಾದ ಮಿಸ್ತ್ರಿಯೊಬ್ಬರನ್ನು ಅಲ್ಲಿಗೇ ಕರೆಸಿದೆವು. ಅವರು ಬಾನೆಟ್ ಎತ್ತುವ ಮೊದಲು ನೆಲದ ಮೇಲೆ ಕೂತು ನಾಲ್ಕೂ ಗಾಲಿಯ ಒಳಬದಿಗೆ ಕೈಯಾಡಿಸಿದರು. ಹಿಂದಿನ ಎಡಗಾಲಿಯ ಹತ್ತಿರ ಬೆರಳು ಒದ್ದೆಯಾಯಿತು. ಗಾಲಿ ಕಳಚಿ ಡ್ರಮ್ಮು ತೆಗೆದರೆ ಶೂಗಳು ಆಯಿಲಿನಲ್ಲಿ ತೊಯ್ದು ಕರಿದ ಬಜಿಯಂತೆ ಹೊಳೆಯುತ್ತಿದ್ದವು.

"ನೋಡ್ರಿ ಅಕ್ಕಾರ, ಬೆಕ್ಕು ಇಲ್ಲಿ ಕುಂತೈತಿ. ಅವರು ಅಡಗಿ ಮನ್ಯಾಗ ಹುಡುಕ್ಯಾರ," ಎಂದರು ಮಿಸ್ತ್ರಿ.

ವ್ಹೀಲ್ ಸಿಲಿಂಡರಿನ ರಬ್ಬರು ಹರಿದಿತ್ತು. ಅದಿರಲಿ, ಆಮೇಲೆ ಬ್ಯಾಟರಿ ಹಿಡಿದು ಮಾಸ್ಟರ್ ಸಿಲಿಂಡರನ್ನು ನೋಡಿ ಅವರೇ ಬೆರಗಾದರು. "ಇದು ಹೊಸಾದು ಅಂತ ಅಂದಾವ್ರ್ಯಾರ್ರಿ?" ಮೈಮೇಲೆ ವರ್ಷಗಟ್ಟಲೆಯ ತುಕ್ಕು, ಜಿಗುಟು. ಒಳಗಿನ ರಬ್ಬರ್ ಕಿಟ್ ಬದಲಿಸಿ, ಹೊರಗಿನದನ್ನು ಒರೆಸಿ ಮತ್ತೆ ಕೂಡಿಸಿದ್ದರು ಅಷ್ಟೆ. ಹೊಸ ಸಾಮಾನಿನ ದುಡ್ಡು ಹಿಡಿದಿದ್ದರು.

ಮಿಸ್ತ್ರಿ ಎರಡೂ ಹಿಂದಿನ ಗಾಲಿಗೆ ಹೊಸ ಸಿಲಿಂಡರು, ಹೊಸ ಶೂ ಹಾಕಿದರು. ಒಂದೇ ಬದಿಗೆ ಸಾಲದೇ ಎಂದು ಯಜಮಾನರು ಕೇಳಿದ್ದಕ್ಕೆ, "ಒಂದ್ ಬದಿ ಹಿಡದು ಇನ್ನೊಂದ್ ಬದಿ ಹಿಡೀಲಿಲ್ಲಂದ್ರ ಗಾಡಿ ಜಗ್ಗತೈತ್ರಿ" ಎಂದರು. ಬ್ರೇಕಿನ ಸಾಮಾನು ಯಾವಾಗಲೂ ಜೋಡಿಯಾಗಿಯೇ ಬದಲಾಗಬೇಕಂತೆ. ಕೊನೆಗೆ ಆಯಿಲ್ ಬದಲಿಸಿ, ಒಬ್ಬರು ಬ್ರೇಕ್ ತುಳಿಯುತ್ತ ಇನ್ನೊಬ್ಬರು ಗಾಲಿಯ ಬಳಿ ತಿರುಪು ಸಡಿಲಿಸುತ್ತ ಕೊಳವೆಯೊಳಗಿನ ಗಾಳಿಯನ್ನೆಲ್ಲ ಹೊರಹಾಕಿದರು. ತುಳಿಯುವ ಕೆಲಸ ನನ್ನ ಪಾಲಿಗೆ ಬಂತು. "ತುಳೀರಿ... ಹಿಡೀರಿ... ಬಿಡ್ರಿ..." ಎಂದು ಹೇಳಿದಂತೆ ಮಾಡಿದೆ. ಎಲ್ಲ ಸೇರಿ 2,400 ರೂಪಾಯಿ. ತೆಗೆದ ಸಾಮಾನನ್ನು ಕೇಳದೆಯೇ ಹಳೆಯ ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟರು.

ಮರುದಿನ ಬಿಲ್ಲು, ಮೊಬೈಲಿನಲ್ಲಿ ತೆಗೆದ ಫೋಟೋ ಎರಡನ್ನೂ ಹಿಡಿದು ಮೊದಲಿನ ಗ್ಯಾರೇಜಿಗೆ ನಾವಿಬ್ಬರೂ ಹೋದೆವು. ಬಸ್ಸಿನಲ್ಲಿ ಯಜಮಾನರು ಸಿಟ್ಟಿನಿಂದ ಕುದಿಯುತ್ತಿದ್ದರು. ಮಾತು ನಾನಾಡುತ್ತೇನೆ ಎಂದು ಮೊದಲೇ ಕೇಳಿಕೊಂಡಿದ್ದೆ. ಕಾರಣ, ಇಬ್ಬರು ಗಂಡಸರು ಎದುರಾಬದುರು ನಿಂತರೆ ಬ್ರೇಕಿನ ಮಾತು ಹೋಗಿ ಮಾನದ ಮಾತಾಗುತ್ತದೆ.

ಮಾಲೀಕರು ಮೊದಲು ಏರುದನಿಯಲ್ಲೇ ಇದ್ದರು. "ಒಂಬತ್ತ ದಿನ ಓಡಿಸಿ ಈಗ ಬಂದ್ರ ನಾ ಏನ್ ಮಾಡ್ಲಿ?" ನಾನು ಬಿಲ್ಲನ್ನು ಅವರ ಮೇಜಿನ ಮೇಲೆ ಬಿಡಿಸಿಟ್ಟೆ. "ಅಣ್ಣಾರ, ಹೊಸಾದು ಅಂತ ನೀವ ಬರದೀರಿ. ಇದು ಹೊಸಾದೋ ಹಳೇದೋ ನೀವ ಹೇಳ್ರಿ" ಎಂದು ಫೋಟೋ ತೋರಿಸಿದೆ. ಸುತ್ತ ನಾಲ್ಕು ಜನ ಗಿರಾಕಿಗಳಿದ್ದರು. "ಆ ದಿನ ಗಾಡ್ಯಾಗ ನನ್ನ ಬಸುರಿ ಮಗಳಿದ್ಲು. ರೊಕ್ಕದ ಮಾತು ಆಮ್ಯಾಲ" ಎಂದೆ. ಯಾರೂ ಮಾತಾಡಲಿಲ್ಲ. ಅವರು ಒಳಗೆ ಹೋಗಿ, ಹುಡುಗರ ಹತ್ತಿರ ಏನೋ ಗದರಿ, ಸ್ವಲ್ಪ ಹೊತ್ತಿಗೆ ಹೊರಬಂದು 3,000 ರೂಪಾಯಿ ಎಣಿಸಿ ಕೊಟ್ಟರು. ರಬ್ಬರ್ ಕಿಟ್ಟಿನ 600 ಹಿಡಿದುಕೊಳ್ಳುತ್ತೇನೆ ಎಂದರು. ಹಿಡಿದುಕೊಳ್ಳಿ ಎಂದೆ. ಕೂಲಿಯನ್ನೂ ಬಿಟ್ಟೆವು. ಬಿಸಿಲಲ್ಲಿ ಕಾರಿನ ಕೆಳಗೆ ಮಲಗಿ ದುಡಿದ ಹುಡುಗನ ಕೂಲಿ ಅದು.

ಅವರು ಕೊಡದೇ ಇದ್ದಿದ್ದರೆ? ದಾರಿ ಇತ್ತು. 1986ರ ಗ್ರಾಹಕರ ಕಾಯ್ದೆಯ ಜಾಗದಲ್ಲಿ ಈಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಮಾಡಿದ ಕೆಲಸಕ್ಕೆ ಬಿಲ್ಲು ಕೊಡದಿರುವುದನ್ನೇ ಆ ಕಾಯ್ದೆ ಅನುಚಿತ ವ್ಯಾಪಾರ ಎನ್ನುತ್ತದೆ. 1915 ಎಂಬ ನಂಬರಿಗೆ ಫೋನು ಮಾಡಿ ದೂರು ಹೇಳಬಹುದು. ಅದಕ್ಕೂ ಬಗ್ಗದಿದ್ದರೆ ಎರಡು ವರ್ಷದೊಳಗೆ ವಿಜಯಪುರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಕೊಡಬೇಕು. ಗ್ಯಾರೇಜು ಬೇರೆ ಜಿಲ್ಲೆಯಲ್ಲಿದ್ದರೂ ನಾವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ನಾವು ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಆದರೆ ಅಲ್ಲಿಯೂ ಮೊದಲು ಕೇಳುವುದು ಆ ಬಿಲ್ಲನ್ನೇ. "ಬ್ರೇಕ್ ಕೆಲಸ 4,800" ಎಂಬ ಚೀಟಿ ಹಿಡಿದು ಹೋಗಿದ್ದರೆ ನಾನು ಏನನ್ನು ತೋರಿಸಲಿ?

ಇನ್ನು "ಹೆಣ್ಮಕ್ಕಳಿಗ್ಯಾಕ್ರಿ ಬ್ರೇಕಿನ ಉಸಾಬರಿ" ಎಂದ ಆ ಹುಡುಗನಿಗೆ ಹೇಳಬೇಕಾದ ಕಥೆಯೊಂದಿದೆ. ಮಗ ಓದಿ ಹೇಳಿದ್ದು. ಜರ್ಮನಿಯಲ್ಲಿ ಮೊದಮೊದಲು ಮೋಟಾರು ಕಾರು ಮಾಡಿದ ಕಾರ್ಲ್ ಬೆಂಜ್ ಅವರ ಹೆಂಡತಿ ಬರ್ತಾ ಬೆಂಜ್. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಮಾನ್‌ಹೈಮ್ ಊರಿನಿಂದ ನೂರು ಕಿಲೋಮೀಟರಿಗೂ ಮಿಕ್ಕ ದೂರದ ಫೋರ್ಟ್ಸ್‌ಹೈಮ್‌ಗೆ ಆ ಕಾರಿನಲ್ಲಿ ಹೊರಟೇಬಿಟ್ಟಳು. ಎಲ್ಲಿಗೆಂದು ಬಲ್ಲಿರಾ? ತಾಯಿಯ ಮನೆಗೆ! ದಾರಿಯಲ್ಲಿ ಇಳಿಜಾರು ಬಂದು ಬ್ರೇಕಿನ ಕಟ್ಟಿಗೆ ಸವೆಯತೊಡಗಿತು. ಆಗ ಗ್ಯಾರೇಜು ಎಂಬುದೇ ಇರಲಿಲ್ಲ. ಆಕೆ ಒಂದು ಊರಿನ ಚಪ್ಪಲಿ ಹೊಲಿಯುವವನ ಹತ್ತಿರ ಹೋಗಿ ಬ್ರೇಕಿನ ಕಟ್ಟಿಗೆಗೆ ತೊಗಲು ಹೊಡೆಸಿಕೊಂಡಳು. ಇಂದಿನ ಬ್ರೇಕ್ ಲೈನಿಂಗಿನ ಮೂಲ ಅದೇ ಎನ್ನುತ್ತಾರೆ. ತವರಿಗೆ ಹೊರಟ ಗೃಹಿಣಿ, ದಾರಿಯಲ್ಲಿ ಕೆಟ್ಟ ಬ್ರೇಕು. ನನಗಂತೂ ಆಕೆ ನಮ್ಮ ಓಣಿಯವಳೇ ಅನ್ನಿಸಿತು.

ಇಂಡಿಯಲ್ಲಿರುವ ನನ್ನ ತಂಗಿಯ ಅನುಭವ ಬೇರೆ ಥರದ್ದು. ಅವಳೇ ಕಾರು ನಡೆಸುತ್ತಾಳೆ. ಲಿಂಬೆಯ ತೋಟದಿಂದ ಬರುವಾಗ ನಾಯಿ ಅಡ್ಡ ಬಂದು ಜೋರಾಗಿ ಬ್ರೇಕ್ ತುಳಿದಳು. ಕಾಲಿಗೆ ದಡದಡ ಬಡಿದಂತಾಯಿತು. ಒಂದು ಗ್ಯಾರೇಜಿನವರು ಬ್ರೇಕೇ ಹಾಳಾಗಿದೆ ಎಂದು ಸಾವಿರಗಟ್ಟಲೆ ಲೆಕ್ಕ ಹೇಳಿದರು. ಇನ್ನೊಬ್ಬ ಮಿಸ್ತ್ರಿ ನೋಡಿ ನಕ್ಕುಬಿಟ್ಟರಂತೆ. ಅದು ಎ.ಬಿ.ಎಸ್. ಎಂಬ ವ್ಯವಸ್ಥೆ. ಜೋರಾಗಿ ತುಳಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ಅದು ಬ್ರೇಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ಕಾಲಿಗೆ ಬಡಿಯುವುದು ಅದೇ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಅಂಥ ಕಾರಿದ್ದವರು ಹೆದರಬೇಕಾಗಿಲ್ಲ, ಕಾಲು ಎತ್ತದೆ ಒತ್ತಿ ಹಿಡಿಯಬೇಕು. ಎ.ಬಿ.ಎಸ್. ದೀಪ ಕಾರು ಚಾಲೂ ಮಾಡಿದ ಮೇಲೂ ಆರದಿದ್ದರೆ ಮಾತ್ರ ತೋರಿಸಬೇಕು. ಸಾಧಾರಣವಾಗಿ ಬ್ರೇಕ್ ಹಾಕಿದಾಗಲೂ ಕಾಲು ನಡುಗುತ್ತಿದ್ದರೆ, ಕೀ ಎಂದು ಕಿರುಚಿದರೆ, ಗರಗರ ಉಜ್ಜಿದ ಸಪ್ಪಳವಾದರೆ, ಕಾರು ಒಂದೇ ಬದಿಗೆ ಎಳೆದರೆ, ಆಗ ತಡ ಮಾಡಬಾರದು. ಗರಗರ ಸಪ್ಪಳವೆಂದರೆ ಪ್ಯಾಡು ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಹತ್ತಿರಬಹುದು.

ಕೆಲವೊಮ್ಮೆ ತಪ್ಪು ಗ್ಯಾರೇಜಿನದಲ್ಲ, ಕಾರು ಮಾಡಿದ ಕಂಪನಿಯದೇ ಆಗಿರುತ್ತದೆ. 2022ರ ಅಕ್ಟೋಬರಿನಲ್ಲಿ ಮಾರುತಿ ಸುಜುಕಿಯವರು ಹಿಂದಿನ ಬ್ರೇಕಿನ ಒಂದು ಪಿನ್ನಿನಲ್ಲಿ ದೋಷವಿರಬಹುದೆಂದು ವ್ಯಾಗನ್ ಆರ್, ಸೆಲೆರಿಯೊ, ಇಗ್ನಿಸ್ ಸೇರಿ 9,925 ಕಾರುಗಳನ್ನು ವಾಪಸ್ಸು ಕರೆಸಿದರು. ಹೀಗೆ ಕರೆಸಿದಾಗ ಬದಲಿಸಿಕೊಡುವುದು ಪುಕ್ಕಟೆ. ಕಾರು ಎರಡನೆಯ ಕೈಯದಾದರೆ ಕಂಪನಿಯ ಕಾಗದ ಹಳೆಯ ಮಾಲೀಕರ ಮನೆಗೆ ಹೋಗಿಬಿಡಬಹುದು. ಆದ್ದರಿಂದ ಕೊಂಡ ಕೂಡಲೇ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಚಾಸಿ ನಂಬರು ಕೊಟ್ಟು ಕೇಳಿ ನೋಡಿ.

ಚೌಕಾಶಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಬೆಂಡಿಕಾಯಿಗೆ ಚೌಕಾಶಿ ಮಾಡೋಣ, ಬ್ರೇಕಿನ ಸಾಮಾನಿಗೆ ಬೇಡ. "ಕಡಿಮಿದು ಹಾಕು" ಎಂದರೆ ಅವನು ಕಡಿಮೆಯದನ್ನೇ ಹಾಕುತ್ತಾನೆ. ಕೂಲಿಯ ಮಾತು ಬೇಕಾದರೆ ಕೆಲಸಕ್ಕೆ ಮೊದಲೇ ಆಡಿ ಮುಗಿಸಿ.

ಕಾರು ವಾಪಸ್ಸು ಕೊಟ್ಟಾಗ ಗ್ಯಾರೇಜಿನ ಅಂಗಳದಲ್ಲೇ ಕೂತು ಬ್ರೇಕನ್ನು ಒತ್ತಿ ಹಿಡಿಯಿರಿ. ಅರ್ಧ ನಿಮಿಷ ಒತ್ತಿದರೂ ಕಾಲು ಕೆಳಗೆ ಇಳಿಯಬಾರದು. ಆಮೇಲೆ ಮಿಸ್ತ್ರಿಯನ್ನೇ ಪಕ್ಕದಲ್ಲಿ ಕೂಡಿಸಿಕೊಂಡು, ಜನರಿಲ್ಲದ ರಸ್ತೆಯಲ್ಲಿ ಮೊದಲು ನಡಿಗೆಯ ವೇಗದಲ್ಲಿ, ನಂತರ ಸ್ವಲ್ಪ ಜೋರಿನಲ್ಲಿ ನಿಲ್ಲಿಸಿ ನೋಡಬೇಕು. ಹಣ ಕೊಡುವುದು ಅದಾದ ಮೇಲೆ. ಮನೆಗೆ ಬಂದು ಬಾನೆಟ್ ತೆಗೆದರೆ ಬ್ರೇಕ್ ಆಯಿಲಿನ ಬಿಳಿಯ ಡಬ್ಬಿ ಕಾಣುತ್ತದೆ. ಹೊರಗಿನಿಂದಲೇ ಮಟ್ಟ ಗೊತ್ತಾಗುತ್ತದೆ. ಕಾರು ಸಮನೆಲದಲ್ಲಿದ್ದಾಗ ಆ ಮಟ್ಟಕ್ಕೆ ಪೆನ್ನಿನಿಂದ ಒಂದು ಗೆರೆ ಎಳೆದು, ಎಂಟು ಹತ್ತು ದಿನ ಮುಂಜಾನೆ ರಂಗೋಲಿ ಹಾಕಿ ಬಂದವರು ಹಾಗೆಯೇ ಒಮ್ಮೆ ನೋಡಿ. ಆಯಿಲ್ ಕೈಗೆ ಹತ್ತಿದರೆ ಕಾರಿನ ಬಣ್ಣಕ್ಕೆ ಒರೆಸಬೇಡಿ, ಬಣ್ಣ ಕಿತ್ತು ಬರುತ್ತದೆ. ನಮ್ಮ ಕಾರಿನ ಡಬ್ಬಿಯ ಮೇಲೆ ನಾನು ಎಳೆದ ನೀಲಿ ಗೆರೆ ಇನ್ನೂ ಇದೆ. ಹದಿನೈದು ದಿನ ನೋಡಿದೆ, ಆಯಿಲ್ ಅದರಿಂದ ಕೆಳಗಿಳಿಯಲಿಲ್ಲ.